ತಣ್ಣನೆ ಟೈರಿನ ಸರದಿ

ನನ್ನ ಗಂಡ ಕ್ಲೈವ್ ಕೆಟ್ಟವನಲ್ಲ ಎಂದು ಇಪ್ಪತ್ತೆರಡು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಶುಕ್ರವಾರ ಎರಡು ಲೋಟ ಬಿಯರು, ಮಾತು ಕೊಂಚ ಜಾಸ್ತಿ, ಹುಲ್ಲು ಕತ್ತರಿಸು ಅಂದರೆ ಸೊಂಟ ಹಿಡಿದುಕೊಳ್ಳುತ್ತಾನೆ, ಅಷ್ಟೇ. ಈ ಮೇ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನ ಮೇಲೆ ನನಗೆ ಹೇಸಿಗೆ ಹುಟ್ಟಿತು. ಸಿಟ್ಟಾಗಿದ್ದರೆ ಎರಡು ದಿನಕ್ಕೆ ಇಳಿಯುತ್ತಿತ್ತು, ನನ್ನ ಸಿಟ್ಟು ನನಗೆ ಗೊತ್ತು. ಹಾಲಿನಲ್ಲಿ ನೊಣ ಬಿದ್ದದ್ದನ್ನು ಕಂಡ ಮೇಲೆ ಆ ಲೋಟ ಬಾಯಿಗೆ ಹೋಗುವುದಿಲ್ಲವಲ್ಲ, ಇದು ಆ ಜಾತಿಯದು.

ನಮ್ಮದೊಂದು ಪುಟ್ಟ ಕಾರು. ಬಾಗಿಲಿಲ್ಲ, ಛಾವಣಿಯಿಲ್ಲ, ಮುಂದೆ ಗಾಜೂ ಇಲ್ಲ. ತೂಕ ಐನೂರು ಕಿಲೋ ಮುಟ್ಟುವುದಿಲ್ಲ. ಅದನ್ನು ನಾವಿಬ್ಬರೇ ಮೂರು ಚಳಿಗಾಲ ಗ್ಯಾರೇಜಿನಲ್ಲಿ ಕೂತು ಕಟ್ಟಿದ್ದೆವು. ಬೆಸುಗೆ ಅವನದು. ಅಲ್ಯುಮಿನಿಯಂ ತಗಡಿಗೆ ಸಾವಿರದ ಮುನ್ನೂರು ಚಿಲ್ಲರೆ ರಿವೆಟ್ ಹೊಡೆದವಳು ನಾನು, ಎಡಗೈ ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟ. ಆ ಕಾರು ಅರ್ಧ ನನ್ನದು ಎಂದರೆ ಅದು ಬಾಯಿಮಾತಲ್ಲ.

ಅದನ್ನು ಓಡಿಸುವುದು ಹ್ಯಾಸಲ್‌ಡೌನ್ ಗುಡ್ಡದ ಮೇಲೆ. ಹಳೆಯ ಜಮೀನ್ದಾರರ ಬಂಗಲೆಗೆ ಹೋಗುವ ಕಿರುದಾರಿ, ಐದು ತಿರುವು, ಎರಡೂ ಕಡೆ ಬೀಚ್ ಎಂಬ ದಪ್ಪ ಕಾಂಡದ ಮರ. ಕೆಳಗಿನಿಂದ ಒಬ್ಬೊಬ್ಬರೇ ಗಡಿಯಾರದ ಎದುರು ಹತ್ತಬೇಕು. ನಲವತ್ತು ಸೆಕೆಂಡಿನೊಳಗೆ ಎಲ್ಲ ಮುಗಿಯುತ್ತದೆ. ಅಷ್ಟಕ್ಕೆ ದಿನವಿಡೀ ಒದ್ದೆ ಹುಲ್ಲಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಫ್ಲಾಸ್ಕಿನ ಚಹಾ ಕುಡಿಯುವ ಜನ ನಾವು.

ಒಂದೇ ಕಾರನ್ನು ಇಬ್ಬರು ಓಡಿಸುವುದು ನಮ್ಮಲ್ಲಿ ಮಾಮೂಲು. ಅಪ್ಪ ಮಗ, ಅಕ್ಕ ತಂಗಿ, ಗಂಡ ಹೆಂಡತಿ. ಒಬ್ಬರು ಹತ್ತಿ ಇಳಿದು ಬಂದ ಕೂಡಲೇ ಇನ್ನೊಬ್ಬರು ಹತ್ತಿ ಕೂರುತ್ತಾರೆ. ಮೊದಲು ಹೋಗುವವರಿಗೆ ಸಿಗುವುದು ತಣ್ಣನೆ ಟೈರು, ರಸ್ತೆಗೆ ಅಂಟುವುದೇ ಇಲ್ಲ. ಎರಡನೆಯವರಿಗೆ ಬಿಸಿ ಟೈರು, ಗೋಂದು ಹಚ್ಚಿದ ಹಾಗೆ ಹಿಡಿಯುತ್ತದೆ. ನಮ್ಮಿಬ್ಬರಲ್ಲಿ ಮೊದಲ ಸರದಿ ಯಾವತ್ತೂ ನನ್ನದು. ಮೊದಲ ವರ್ಷವೇ ಕ್ಲೈವ್ ತಲೆ ಬಾಗಿಸಿ, ದೊರೆಸಾನಿಯವರು ಮೊದಲು ಅಂದಿದ್ದ. ದೊಡ್ಡ ಮನಸ್ಸು ಅಂದುಕೊಂಡೆ. ಟೈರಿನ ಕಥೆ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು, ತಿಳಿದ ಮೇಲೂ ಜಗಳಕ್ಕೆ ಹೋಗಲಿಲ್ಲ. ಯಾಕೆಂದರೆ ತಣ್ಣನೆ ಟೈರಿನಲ್ಲೂ ನಾನೇ ಅವನಿಗಿಂತ ಮುಂದಿದ್ದೆ. ನನ್ನದು ಮೂವತ್ತೆಂಟು ಮುಕ್ಕಾಲು ಸೆಕೆಂಡು, ಅವನದು ಮೂವತ್ತೊಂಬತ್ತೂವರೆ.

ಮೈಕಿನಲ್ಲಿ ಕೂಗುವವನಿಗೆ ಅದೇ ಒಂದು ತಮಾಷೆ. ಈ ಸಲವೂ ಶ್ರೀಮತಿ ಗೆದ್ದರು, ರಾತ್ರಿ ಅಡಿಗೆ ಕ್ಲೈವ್‌ದೇ ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಕ್ಲೈವ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಆ ಹಳೆಯ ಎಂಜಿನ್ನಿನದು ನೂರ ಮೂವತ್ತು ಕುದುರೆ ಶಕ್ತಿ. ಆ ಹಗುರ ಕಾರಿಗೆ ಅದೇನೂ ಕಡಿಮೆಯಲ್ಲ, ಆದರೆ ಅಷ್ಟೂ ನಿಮ್ಮ ಪಾದದ ಅಳತೆಗೆ ಸಿಗುತ್ತಿತ್ತು. ಎರಡನೇ ತಿರುವು ದಾಟಿದ ಮೇಲೆ ಕಾಲು ಪೂರ್ತಿ ಒತ್ತಿ, ಮೂರನೇ ತಿರುವಿನ ಉದ್ದಕ್ಕೂ ಒತ್ತಿಯೇ ಹಿಡಿದು, ಹಿಂದಿನ ಚಕ್ರ ಒಂದು ಗೇಣು ಆಚೆ ಸರಿಯುವುದನ್ನು ಸೊಂಟದಲ್ಲೇ ತಿಳಿದು, ಬೆರಳಲ್ಲಿ ತಿದ್ದಿ ಹೋಗಬಹುದಿತ್ತು. ಕಾರಿನಲ್ಲಿರುವುದನ್ನೆಲ್ಲ ಬಳಸಿ ಮುಗಿಸಿದೆ, ಚೂರೂ ಉಳಿಸಲಿಲ್ಲ ಎಂಬ ಖುಷಿ ಇದೆಯಲ್ಲ, ಅದಕ್ಕಾಗಿಯೇ ನಾನು ಹೋಗುತ್ತಿದ್ದುದು. ಸೆಕೆಂಡುಗಳು ಆಮೇಲಿನ ಮಾತು.

ಹೋದ ಚಳಿಗಾಲ ಕಾರ್ಡಿಫ್‌ನಲ್ಲಿ ನನ್ನ ತಂಗಿ ಕಾಲು ಮುರಿದುಕೊಂಡಳು. ಆರು ವಾರ ಅಲ್ಲಿದ್ದು ಮನೆಗೆ ಬಂದರೆ ಗ್ಯಾರೇಜಿನಲ್ಲಿ ಹಳೆಯ ಎಂಜಿನ್ ಇಲ್ಲ. ಅದರ ಜಾಗದಲ್ಲಿ ಇನ್ನೊಂದು ಕೂತಿದೆ, ಇನ್ನೂರ ಅರವತ್ತು ಕುದುರೆಯದು. ನನ್ನ ರಿವೆಟ್‌ಗಳನ್ನು ಕೊರೆದು ತೆಗೆದು, ತಗಡು ಕತ್ತರಿಸಿ, ಉಬ್ಬಿಸಿ ಕೂರಿಸಿದ್ದಾನೆ. ಕೇಳಲಿಲ್ಲ ಯಾಕೆ ಅಂದೆ. ನಿನಗೆ ಸಂತೋಷದ ಅಚ್ಚರಿ ಮಾಡೋಣ ಅಂತ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಗಂಡ ಎಂಜಿನ್ ಡೊಂಕು ಅಂದ.

“ಶಕ್ತಿ ಡಬಲ್ ಆಯ್ತು ಅಂದ್ರೆ ಮಜಾನೂ ಡಬಲ್ ಕಣೇ,” ಅಂದ. “ಇದರಲ್ಲಿ ಲೆಕ್ಕ ಹಾಕೋಕೆ ಏನಿದೆ?”

ಸುಳ್ಳು ಹೇಳಲಾರೆ, ಮಾರ್ಚಿನಲ್ಲಿ ಹಳೆಯ ವಿಮಾನ ನಿಲ್ದಾಣದ ನೇರ ದಾರಿಯಲ್ಲಿ ಅದನ್ನು ಮೊದಲ ಸಲ ಒತ್ತಿದಾಗ ನಾನು ಹೆಲ್ಮೆಟ್ಟಿನೊಳಗೆ ಕಿಲಕಿಲ ನಕ್ಕೆ. ಬೆನ್ನು ಸೀಟಿಗೆ ಅಂಟಿಕೊಂಡಿತು. ಎರಡನೇ ಸಲವೂ ನಕ್ಕೆ. ನಾಲ್ಕನೇ ಸಲಕ್ಕೆ ಆ ನಗು ಬರಲಿಲ್ಲ. ನೇರ ದಾರಿಯಲ್ಲಿ ಒತ್ತುವುದು ಬಿಟ್ಟರೆ ಅಲ್ಲಿ ನನಗೆ ಕೆಲಸವೇ ಇರಲಿಲ್ಲ.

ಗುಡ್ಡದ ಮೇಲೆ ಇನ್ನೂ ಅನ್ಯಾಯ. ಆ ಭಾನುವಾರದ ಹಿಂದಿನ ದಿನ, ಶನಿವಾರದ ಅಭ್ಯಾಸ, ಒಳ್ಳೆಯ ಬಿಸಿಲು. ಐದು ತಿರುವಿನಲ್ಲಿ ಒಂದರಲ್ಲೂ ಕಾಲು ಪೂರ್ತಿ ಒತ್ತಲಾಗಲಿಲ್ಲ. ಒಂದು ಬೆರಳು ಹೆಚ್ಚು ಒತ್ತಿದರೆ ಹಿಂಭಾಗ ಗಿರಕ್ಕೆಂದು ಮುಂದೆ ಬರಲು ನೋಡುತ್ತದೆ. ದಾರಿಯುದ್ದಕ್ಕೂ ಪುಂಡ ಹೋರಿಯ ಮೂಗುದಾರ ಜಗ್ಗಿ ಹಿಡಿದದ್ದೇ ಆಯಿತು, ಬಿಟ್ಟದ್ದು ಎಲ್ಲೂ ಇಲ್ಲ. ಹಳೆಯ ಸಮಯಕ್ಕಿಂತ ಒಂದು ಸೆಕೆಂಡು ಹಿಂದೆ ಬಿದ್ದೆ. ಬಿಸಿ ಟೈರಿನಲ್ಲಿ ಹೋದ ಕ್ಲೈವ್ ನನಗಿಂತ ಎರಡು ಸೆಕೆಂಡು ಮುಂದೆ ಬಂದ. ತಿರುವುಗಳಲ್ಲಿ ತೆವಳಿದ, ನಡುವಿನ ನೇರ ತುಂಡುಗಳಲ್ಲಿ ಗುಂಡು ಹಾರಿದ ಹಾಗೆ ಹೋದ.

ಮೈಕಿನವನು, ಇವತ್ತು ಅಡಿಗೆ ಶ್ರೀಮತಿಯವರದು ಅಂದ. ಕ್ಲೈವ್ ಕೇಳಿದವರಿಗೂ ಕೇಳದವರಿಗೂ ಹಂದಿಮಾಂಸದ ಬೇಕನ್ ಬನ್ನು ತಂದುಕೊಟ್ಟ. ಹಾಗಾದರೆ ಇಷ್ಟು ವರ್ಷ ಆ ನಗುವಿನ ಹಿಂದೆ ಅವನಿಗೆ ನೋವಾಗಿತ್ತೇ ಎಂದು ನನಗೆ ಪಾಪ ಅನ್ನಿಸಿತು. ನಾನೂ ನಕ್ಕಿದ್ದೆನಲ್ಲ. ಇರಲಿ, ಒಂದೆರಡು ವರ್ಷ ಅವನು ಗೆಲ್ಲಲಿ ಎಂದು ಬನ್ನು ತಿಂದೆ.

ಪಕ್ಕದಲ್ಲೇ ವಿಲ್ಫ್ ಇದ್ದರು. ಎಪ್ಪತ್ತೊಂಬತ್ತು ವಯಸ್ಸು, ತಮಗಿಂತ ಹಿರಿಯ ಕಾರೊಂದನ್ನು ಇಟ್ಟುಕೊಂಡಿದ್ದಾರೆ. ಅದರ ಶಕ್ತಿ ನಲವತ್ತು ಕುದುರೆ, ಅದರಲ್ಲೂ ಕೆಲವು ಕುಂಟು ಎಂದು ಅವರೇ ಹೇಳುತ್ತಾರೆ. ಹೊಸ ಎಂಜಿನ್ ಹೇಗಿದೆ ಅಮ್ಮಣ್ಣಿ ಎಂದು ನನ್ನನ್ನು ಕೇಳಿದರು. ಗಂಡನ ಮರ್ಯಾದೆ ಕಾಯಬೇಕಲ್ಲ, ಜೋರಾಗಿದೆ ಅಂದೆ. ಅವರು ಚಹಾ ಊದಿಕೊಂಡು, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಈ ಗುಡ್ಡ ಅಷ್ಟುದ್ದದ ಹಾಸಿಗೆ ಅಲ್ಲ ಅಂದರು.

ಭಾನುವಾರ ಬೆಳಿಗ್ಗೆ ಹವೆ ತಿರುಗಿತ್ತು. ಬಾಯಿ ತೆರೆದರೆ ಹೊಗೆ. ಬೀಚ್ ಮರಗಳ ಕೆಳಗೆ ರಸ್ತೆ ಒದ್ದೆಯಾಗಿ ಕಪ್ಪಗಿತ್ತು. ನಮಗಿಂತ ಮುಂಚೆ ಹೋದ ಒಬ್ಬ ಎರಡನೇ ತಿರುವಿನಲ್ಲಿ ಹುಲ್ಲಿಗಿಳಿದು ವಾಪಸು ಬಂದಿದ್ದ. ಹೊರಡುವ ಮುನ್ನ ನಿಂತಲ್ಲೇ ಹಿಂದಿನ ಚಕ್ರ ಗಿರಗಿರ ತಿರುಗಿಸಿ ಟೈರು ಬಿಸಿ ಮಾಡಿಕೊಳ್ಳುವವರಿದ್ದಾರೆ, ಆದರೆ ಮುಂದಿನ ಚಕ್ರಗಳಿಗೆ ಅದರಿಂದ ಏನೂ ಆಗುವುದಿಲ್ಲ. ನಾನು ಕಾರನ್ನು ಸುತ್ತಿ ಬಂದು ನಾಲ್ಕೂ ಟೈರು ಮುಟ್ಟಿ ನೋಡಿದೆ, ಕಲ್ಲಿನಷ್ಟು ತಣ್ಣಗಿದ್ದವು. ಹಳೆಯ ಎಂಜಿನ್ನಿನಲ್ಲಿ ತಣ್ಣನೆ ಟೈರು ಅಂದರೆ ಅರ್ಧ ಸೆಕೆಂಡು ನಷ್ಟ, ಅಷ್ಟೇ. ಇದರಲ್ಲಿ ಮರಕ್ಕೆ ಹೋಗಿ ಬಡಿಯುವ ಮಾತು.

ಕ್ಲೈವ್, ಇವತ್ತೊಂದು ದಿನ ನೀನು ಮೊದಲು ಹೋಗು ಅಂದೆ. ಪಟ್ಟಿಯಲ್ಲಿ ಹೆಸರು ಹಾಗೇ ಇದೆ, ಈಗ ಬದಲಾಯಿಸಿದರೆ ಅವರಿಗೆ ತೊಂದರೆ ಅಂದ. ಪಟ್ಟಿ ಬರೆಯುವಾಕೆ ನಮ್ಮ ಬೀದಿಯವಳೇ, ಒಂದು ಮಾತು ಸಾಕಾಗಿತ್ತು. ಆಮೇಲೆ, ನಿನಗೆ ಗುಡ್ಡ ನನಗಿಂತ ಚೆನ್ನಾಗಿ ಗೊತ್ತು ಅಂದ. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಸರಿ, ಹೋಗುತ್ತೇನೆ, ಮೆಲ್ಲಗೆ ಹತ್ತಿ ಬರುತ್ತೇನೆ ಎಂದು ಒಳಗೆ ಕೂತೆ. ಬೆಲ್ಟು ಬಿಗಿಯಾಯಿತು, ಹೆಲ್ಮೆಟ್ ಹಾಕಿಕೊಂಡೆ.

ಸಾಲು ಮುಂದೆ ಸರಿಯುತ್ತಿತ್ತು. ನಮ್ಮ ಮುಂದೆ ಇನ್ನು ಮೂರೇ ಕಾರು. ತಮ್ಮ ಸರದಿ ಮುಗಿಸಿದ್ದ ವಿಲ್ಫ್ ಕೋಲೂರಿಕೊಂಡು ಬಂದು ಕ್ಲೈವ್ ಪಕ್ಕ ನಿಂತರು.

“ಏನಪ್ಪಾ, ಇಷ್ಟೊಂದು ಕುದುರೆ ಕಟ್ಕೊಂಡಿದೀಯ, ಮೊದ್ಲು ನೀನೇ ಹೋಗಬಾರ್ದಾ?”

ನಾನು ಒಳಗೆ ಕೂತಿದ್ದೇನೆ, ಹೆಲ್ಮೆಟ್ಟಿದೆ, ಕೇಳಿಸುವುದಿಲ್ಲ ಎಂದು ಕ್ಲೈವ್ ಅಂದುಕೊಂಡನೋ, ಕೇಳಿಸಿದರೂ ಏನು ಎಂದುಕೊಂಡನೋ, ಗೊತ್ತಿಲ್ಲ. ಹವೆಯ ಮಾತಾಡಿದಷ್ಟು ಸಲೀಸಾಗಿ ಹೇಳಿದ.

“ಬೇಡಪ್ಪಾ. ತಣ್ಣನೆ ಟೈರಲ್ಲಿ ಇದು ಜೀವ ತೆಗೆಯುತ್ತೆ. ಇವಳು ಒಂದ್ಸಲ ಹತ್ತಿ ಬರಲಿ, ಆಮೇಲೆ ನಾನು.”

ವಿಲ್ಫ್ ನೆಲ ನೋಡಿದರು. ಕ್ಲೈವ್ ಬಗ್ಗಿ ನನ್ನ ಭುಜದ ಬೆಲ್ಟನ್ನು ಇನ್ನೊಂದು ಸಲ ಎಳೆದ. ಅವನ ಕೈಯಲ್ಲಿ ಬೇಕನ್ನಿನ ಜಿಡ್ಡಿನ ವಾಸನೆ. ಈ ಕೈ ಇಷ್ಟು ವರ್ಷ, ನಾನು ಇಳಿದು ಬಂದಾಗಲೆಲ್ಲ, ಹೇಗಾಯಿತು ಎಂದು ಕೇಳುವ ಮೊದಲು ಬಗ್ಗಿ ಟೈರು ಮುಟ್ಟಿ ನೋಡುತ್ತಿದ್ದುದು ನೆನಪಾಯಿತು. ಆಗ ಅದು ಅರ್ಧ ಸೆಕೆಂಡಿನ ಸಣ್ಣತನ, ನಾನೂ ಬಿಟ್ಟಿದ್ದೆ. ಇವತ್ತು ಅದರ ಬೆಲೆ ಏನು ಎಂದು ಅವನಿಗೆ ಚೆನ್ನಾಗಿ ಗೊತ್ತಿದೆ, ಗೊತ್ತಿದ್ದೂ ನನ್ನನ್ನು ಕಟ್ಟಿ ಕೂರಿಸಿದ್ದಾನೆ. ಥೂ ಎಂದು ಉಗಿಯಬೇಕು ಅನ್ನಿಸಿತು, ಹೆಲ್ಮೆಟ್ ಅಡ್ಡ ಇತ್ತು.

ಬೆಲ್ಟಿನ ಗುಂಡಿ ಒತ್ತಿ ಬಿಚ್ಚಿದೆ, ಎದ್ದು ಹೊರಗೆ ಬಂದೆ. ಸಾಲು ನೋಡಿಕೊಳ್ಳುವ ಕಿತ್ತಳೆ ಕೋಟಿನವನ ಹತ್ತಿರ ಹೋಗಿ, “ನಲವತ್ತಾರು ಹೋಗೋದಿಲ್ಲ. ನೂರ ನಲವತ್ತಾರನ್ನ ಕಳಿಸಿ,” ಅಂದೆ. ನಲವತ್ತಾರು ನಾನು, ನೂರ ನಲವತ್ತಾರು ಕ್ಲೈವ್. ಮೊದಲಿನವರು ಬಿಟ್ಟರೆ ಎರಡನೆಯವರು ಆಗಲೇ ಹೋಗಬೇಕು, ನಿಯಮ ಹಾಗಿದೆ. ಅವನು ಕಾಗದದ ಮೇಲೆ ಗೀಟು ಹಾಕಿ ಕ್ಲೈವ್‌ಗೆ ಕೈ ಮಾಡಿ ಕರೆದ.

ಕ್ಲೈವ್ ಮೊದಲು ನಕ್ಕ. ಆಮೇಲೆ ಹಲ್ಲು ಕಚ್ಚಿಕೊಂಡು, ಜನರ ಎದುರು ಏನಿದು ನಾಟಕ ಅಂದ. ಕೊನೆಗೆ ಹೆಲ್ಮೆಟ್ ಹಾಕಿಕೊಂಡು ಕೂತ. ಅವನ ಬೆಲ್ಟನ್ನು ವಿಲ್ಫ್ ಕಟ್ಟಿದರು. ಮುಂದಿನ ಕಾರು ಹೊರಟುಹೋಯಿತು, ಇನ್ನು ಇವನದೇ ಸರದಿ. ಎಷ್ಟಾದರೂ ಗಂಡ. ಆ ಕಪ್ಪು ರಸ್ತೆ, ಆ ಮರಗಳು ಕಣ್ಣ ಮುಂದೆ ಬಂದವು. ಬೇಡ, ಇಳಿ, ಮನೆಗೆ ಹೋಗೋಣ ಎನ್ನಲು ಬಾಯಿ ತೆರೆದೆ. ಅವನು ನನ್ನ ಕಡೆ ತಿರುಗಿ, ಭಯವಾಗುತ್ತಿದೆ ಕಣೇ ಅಂದಿದ್ದರೆ ಅಲ್ಲೇ ಎಲ್ಲ ಮರೆತುಬಿಡುತ್ತಿದ್ದೆ.

ಅವನು ಕೈ ಎತ್ತಿದ. ಎಂಜಿನ್ ಆರಿಸಿದ. ಕಿತ್ತಳೆ ಕೋಟಿನವನು ಬಗ್ಗಿ ಕೇಳಿದಾಗ, ಕ್ಲಚ್ಚು ಹೋಯಿತು ಅಂದ.

ಮೈಕಿನಲ್ಲೂ ಅದನ್ನೇ ಕೂಗಿದರು, ಕ್ಲೈವ್ ಅವರ ಕ್ಲಚ್ಚು ಕೈಕೊಟ್ಟಿದೆ, ಛೆ, ಎಂಥ ದುರದೃಷ್ಟ ಎಂದು. ಸಾಲಿನಲ್ಲಿದ್ದವರು ಅಯ್ಯೋ ಪಾಪ ಅಂದರು. ಕಾರುಗಳು ನಿಲ್ಲುವ ಅಂಗಳ ಅಲ್ಲಿಂದ ಅರವತ್ತು ಗಜ ಮೇಲೆ, ಒಳ್ಳೆಯ ಏರು. ಕಾರಿನ ಮೂತಿಯನ್ನು ಆ ಕಡೆ ತಿರುಗಿಸಿದರು. ಇಬ್ಬರು ಓಡಿಬಂದು ಹಿಂದಿನಿಂದ ನೂಕತೊಡಗಿದರು. ವಿಲ್ಫ್ ಕೋಲನ್ನು ಹುಲ್ಲಿನ ಮೇಲೆ ಎಸೆದು ತಾವೂ ಭುಜ ಕೊಟ್ಟರು. ಕ್ಲೈವ್ ಇಳಿಯಲಿಲ್ಲ. ಯಾರಾದರೂ ಸ್ಟಿಯರಿಂಗ್ ಹಿಡಿಯಬೇಕಲ್ಲ ಎಂದು ಒಳಗೇ ಕೂತಿದ್ದ. ಹತ್ತು ಗಜ ಹೋಗುವಷ್ಟರಲ್ಲಿ ವಿಲ್ಫ್ ಮುಖ ಕೆಂಪಾಗಿತ್ತು, ಬೂಟು ಒದ್ದೆ ಹುಲ್ಲಿನಲ್ಲಿ ಜಾರುತ್ತಿತ್ತು. ಕ್ಲೈವ್ ಕತ್ತು ತಿರುಗಿಸಿ, ಸುಮ್ಮನೆ ನಿಂತಿದ್ದೀಯಲ್ಲ, ನೀನೂ ಒಂದು ಕೈ ಕೊಡು ಎಂದು ನನ್ನನ್ನು ಕರೆದ.

ನಾನು ಕಾರಿನ ಪಕ್ಕಕ್ಕೆ ಹೋದೆ. ಸಾಲಿನವರಿಗೆಲ್ಲ ಕೇಳುವ ಹಾಗೆ ಹೇಳಿದೆ.

“ವಿಲ್ಫ್, ಕೈ ಬಿಡಿ. ಕ್ಲಚ್ಚಿಗೆ ಏನೂ ಆಗಿಲ್ಲ.”

ವಿಲ್ಫ್ ಕೈ ಬಿಟ್ಟರು. ಅವರನ್ನು ನೋಡಿ ಇನ್ನಿಬ್ಬರೂ ಬಿಟ್ಟರು. ಕಾರು ಹಿಂದಕ್ಕೆ ಜಾರತೊಡಗಿತು, ಕ್ಲೈವ್ ಬ್ರೇಕ್ ಒತ್ತಿ ನಿಲ್ಲಿಸಿದ. ಅವನು ಮುಂದಕ್ಕೇ ನೋಡುತ್ತ ಕೂತಿದ್ದ. ನಾನು ವಿಲ್ಫ್ ಅವರ ಕೋಲು ಹುಡುಕಿ ತಂದುಕೊಟ್ಟೆ. ಆಮೇಲೆ ಕ್ಲೈವ್ ಎಂಜಿನ್ ಚಾಲೂ ಮಾಡಿದ, ಗೇರು ಹಾಕಿದ, ಒಂದು ಕುಲುಕೂ ಇಲ್ಲದೆ ಆ ಏರು ಹತ್ತಿ ಹೋದ. ಸಾಲಿನಲ್ಲಿದ್ದ ಅಷ್ಟೂ ಜನ ನಿಂತು ನೋಡಿದರು.