ಕವಾಟದೊಳಗಿನ ಜಿಡ್ಡು

ಮೂರು ಗಂಟೆಗೆ ತನಿಖೆಯವರು ಬರುವವರಿದ್ದರು. ನನ್ನ ಭಾವನ ಬಲಗೈಯ ಮೂರು ಬೆರಳು ಯಾರ ತಪ್ಪಿನಿಂದ ಹೋದವು ಅಂತ ನಾನು ಹೇಳಬೇಕಿತ್ತು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಬ್ರೆಡ್ಡು ಕೈಗೆತ್ತಿಕೊಂಡರೂ ಲಾರಿಯೊಳಗಿನ ಕೊಬ್ಬಿನ ನಾತವೇ ಮೂಗಿಗೆ ಬಡಿಯುತ್ತಿತ್ತು.

ಮಣ್ಣು ಹೀರುವ ಲಾರಿಯ ಮೇಲೆ ನನ್ನದು ಹತ್ತೊಂಬತ್ತು ವರ್ಷದ ದುಡಿಮೆ. ನನ್ನ ಗಂಡನ ಅಣ್ಣ ಕೊಳವೆ ಹಿಡಿಯುತ್ತಾರೆ, ಅವರ ಹೆಸರು ಎನ್ನೋ; ನಾನು ರಿಮೋಟ್ ಹಿಡಿಯುತ್ತೇನೆ. ನಮ್ಮ ಲೇರ್ ಊರಿನ ಬೀದಿಗಳ ಕೆಳಗೆ ಗ್ಯಾಸ್ ಪೈಪು, ಕರೆಂಟಿನ ಕೇಬಲ್ಲು ಒಂದರ ಮೇಲೊಂದು ಬಿದ್ದಿವೆ. ಅಗೆಯುವ ಯಂತ್ರದ ಹಲ್ಲು ತಾಗಿದರೆ ಕಥೆ ಮುಗಿಯಿತು. ನಾವು ಗಾಳಿಯ ರಭಸದಿಂದ ಮಣ್ಣು ಸಡಿಲಿಸಿ ಹೀರಿಕೊಂಡರೆ ಪೈಪಿನ ಬಣ್ಣ ಕೂಡ ಏಳುವುದಿಲ್ಲ.

ಆದರೆ ಒಣ ಮಣ್ಣು ಹೀರುವ ಲಾರಿ ಬೇರೆ, ಕೊಳಚೆ ಹೀರುವ ಟ್ಯಾಂಕರ್ ಬೇರೆ. ಇದು ನಮ್ಮ ಯಜಮಾನ ಹಾಯೋಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಮಹಾಶಯ ಶನಿವಾರ ನನಗೊಂದು ಮಾತು ಹೇಳದೆ, ಇನ್ನೊಬ್ಬನ ಕೈಗೆ ನಮ್ಮ ಲಾರಿ ಕೊಟ್ಟು, ಸಾಸೇಜ್ ಕಾರ್ಖಾನೆಯ ಕೊಬ್ಬಿನ ಗುಂಡಿ ಹೀರಿಸಿದ. ಥೂ, ಅವನ ಬುದ್ಧಿಗಿಷ್ಟು!

ಸೋಮವಾರ ಲಾರಿಯ ತೊಟ್ಟಿಯ ಬಾಗಿಲು ತೆಗೆದೆ. ಬೂದುಬಣ್ಣದ ಕೊಬ್ಬು, ಅದರಲ್ಲಿ ಕೂದಲು, ಕರುಳಿನ ಚೂರು, ಗಿಜಿಗುಡುವ ಹುಳ. ಫಿಲ್ಟರುಗಳು ಒದ್ದೆ ಕಂಬಳಿಯ ಹಾಗೆ ಜೋತುಬಿದ್ದಿದ್ದವು. ಅವನ್ನು ಕಳಚಿ, ಗೂಡು ಉಜ್ಜಿ, ಹೊಸದು ಹಾಕುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡೆ. ಕವಾಟ, ಅಂದರೆ ವಾಲ್ವ್, ಮಾತ್ರ ಉಳಿಯಿತು. ಅಪಾಯದ ಹೊತ್ತಿಗೆ ರಿಮೋಟಿನ ಕೆಂಪು ಗುಂಡಿ ಒತ್ತಿದರೆ ಅದು ತೆರೆದುಕೊಂಡು ಹೊರಗಿನ ಗಾಳಿ ಒಳಗೆ ಬಿಡಬೇಕು, ಕೊಳವೆಯ ಎಳೆತ ಆ ಕ್ಷಣವೇ ನಿಲ್ಲಬೇಕು. ದಿನಾ ಬೆಳಗ್ಗೆ ಅದರ ಮುಚ್ಚಳ ತೆಗೆದು ನೋಡಿ, ಗುಂಡಿ ಒತ್ತಿ ಪರೀಕ್ಷಿಸಿ, ತಪಾಸಣೆಯ ಹಾಳೆಗೆ ಸಹಿ ಹಾಕುವುದು ನನ್ನ ಕೆಲಸ. ಮುಚ್ಚಳದ ಸಂದಿನಿಂದಲೂ ಅದೇ ನಾತ ಬಂತು. ಸಾಕಪ್ಪಾ ಸಾಕು ಅನ್ನಿಸಿತು. ಮುಖ ತಿರುಗಿಸಿಕೊಂಡು ಸಹಿ ಹಾಕಿದೆ.

ಅವತ್ತೇ ಬೀದಿಯಲ್ಲಿ ಕೆಲಸ ನಡೆದಿತ್ತು, ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ನಮ್ಮ ಕಡೆ ಹನ್ನೊಂದರ ಚಹಾ ತಪ್ಪಿಸುವವರು ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ಕೊಳವೆಯ ಬಾಯಿಗೆ ಮುರುಕು ಇಟ್ಟಿಗೆಯೊಂದು ಕಚ್ಚಿಕೊಂಡಿತು.

"ತಾಳಿ ಭಾವ, ಆಫ್ ಮಾಡ್ತೀನಿ," ಎಂದೆ.

"ಆಫ್ ಮಾಡಿದ್ರೆ ಗಾಳಿ ಎಳೆಯೋ ಫ್ಯಾನು ನಿಂತು ಮತ್ತೆ ತಿರುಗೋಕೆ ಕಾಲು ಗಂಟೆ. ಚಹಾ ಆರಿಹೋಗುತ್ತೆ ಕಣೇ! ಬಿಸಿ ತಾಗಿ ಕಲ್ಲುಸಕ್ಕರೆ ಚಟಪಟ ಅನ್ನದಿರೋ ಚಹಾ ಕುಡಿಯೋ ಬದ್ಲು ಕಾಲುವೆ ನೀರು ಕುಡೀತೀನಿ," ಎಂದು ನಗುತ್ತಾ ಭಾವ ಕೈ ಹಾಕಿದರು. ನಮ್ಮಲ್ಲಿ ಹಳಬರೆಲ್ಲ ಮಾಡುವುದು ಹಾಗೆಯೇ, ಕೆಂಪು ಗುಂಡಿ ಇದೆಯಲ್ಲ ಅನ್ನುವ ಧೈರ್ಯದಲ್ಲಿ.

ಇಟ್ಟಿಗೆ ಮೇಲಕ್ಕೆ ಜಾರಿತು. ಅದರ ಹಿಂದೆ ಭಾವನ ತೋಳು ಭುಜದವರೆಗೆ ಒಳಗೆ ಹೋಯಿತು. ಕೆಂಪು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಕಡೆಗೆ ಎಂಜಿನ್ನೇ ನಿಲ್ಲಿಸಿದೆ. ಆದರೆ ಫ್ಯಾನಿನ ವೇಗ ಇಳಿಯುವವರೆಗೂ ಆ ಕೊಳವೆ ಅವರನ್ನು ಬಿಡಲಿಲ್ಲ, ಅವರ ಕಿರುಚಾಟವೂ ನಿಲ್ಲಲಿಲ್ಲ. ಇಟ್ಟಿಗೆಗೆ ಸಿಕ್ಕ ಮೂರು ಬೆರಳು ಜಜ್ಜಿಹೋಗಿದ್ದವು.

ಮರುದಿನ ಹಾಯೋ ಆಸ್ಪತ್ರೆಗೆ ಬಂದ. ಕೈಯಲ್ಲೊಂದು ಬುಟ್ಟಿ. ಬುಟ್ಟಿಯಲ್ಲಿ ಅದೇ ಕಾರ್ಖಾನೆಯ ಸಾಸೇಜು! ಹೇಸಿಗೆ ಅನ್ನುವುದು ಇವನ ಹತ್ತಿರ ಸುಳಿದೇ ಇಲ್ಲವೇನೋ.

"ನೋಡಪ್ಪಾ ಎನ್ನೋ, ಕೈ ಹಾಕಿದ್ದು ನೀನೇ ತಾನೇ? ಅಷ್ಟು ಹೇಳಿದ್ರೆ ಸಾಕು. ಶನಿವಾರದ ವಿಷಯ ಯಾಕೆ ಎತ್ಬೇಕು? ನಿವೃತ್ತಿವರೆಗೆ ಆಫೀಸಲ್ಲಿ ಆರಾಮಾಗಿ ಕೂತ್ಕೋ."

"ನಾಚಿಕೆ ಆಗಲ್ವೇನ್ರೀ ನಿಮ್ಗೆ?" ಎಂದು ನಾನು ಎದ್ದೆ.

"ಹಾಳೆ ಮೇಲಿರೋ ಸಹಿ ಯಾರದ್ದಮ್ಮಾ, ಗೇಶೆ?" ಎಂದ. ಎದ್ದವಳು ಮತ್ತೆ ಕೂತೆ.

ಅವನು ಹೋದ ಮೇಲೆ ಭಾವ ಮೆಲ್ಲಗೆ ಹೇಳಿದರು: "ನಾನು ಹಾಗೇ ಹೇಳ್ತೀನಿ. ಕವಾಟ ನೋಡಿದ್ದೆ ಅಂತ ನೀನೂ ಹೇಳ್ಬಿಡು. ಹೋದ ಬೆರಳು ವಾಪಸ್ ಬರುತ್ತಾ? ನಿನ್ನ ಕೆಲಸನಾದ್ರೂ ಉಳೀಲಿ."

ನಾನು ಬೇಡ ಅನ್ನಲಿಲ್ಲ. ಛೀ, ಒಂದು ಮಾತಿಗೂ ಬೇಡ ಅನ್ನಲಿಲ್ಲ. ಹಾಯೋನ ಮುಖ ಕಂಡರೆ ಬರುವ ವಾಕರಿಕೆ ಅವತ್ತು ರಾತ್ರಿ ಕನ್ನಡಿ ನೋಡಿದಾಗಲೂ ಬಂತು.

ಮೂರು ಗಂಟೆಗೆ ಸರಿಯಾಗಿ ಕಾರ್ಮಿಕ ಸುರಕ್ಷತೆಯ ತನಿಖಾಧಿಕಾರಿ ಟಾಮೆನ್ ಬಂದರು. ಗಟ್ಟಿ ಬೂಟಿನ, ಮಾತು ಕಡಿಮೆಯ ಹೆಂಗಸು. ಪೊಲೀಸರು ಪಟ್ಟಿ ಕಟ್ಟಿ ಹೋದ ಮೇಲೆ ಲಾರಿಯನ್ನು ಯಾರೂ ಮುಟ್ಟಿರಲಿಲ್ಲ. ಹಾಯೋ ಮುಂದೆ ಬಿದ್ದು ತಪಾಸಣೆಯ ಹಾಳೆ ಕೊಟ್ಟ.

"ಕೈ ಹಾಕಿದ್ದು ನನ್ನದೇ ತಪ್ಪು ಅಂತ ಗಾಯಾಳು ಹೇಳಿಕೆ ಕೊಟ್ಟಿದಾರೆ," ಎಂದರು ಟಾಮೆನ್. "ನೀವು ಬೆಳಗ್ಗೆ ಕವಾಟ ಪರೀಕ್ಷೆ ಮಾಡಿದ್ರಾ?"

ಹೌದು ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ," ಎಂದೆ. "ನಾತ ತಡೆಯೋಕಾಗ್ಲಿಲ್ಲ. ನೋಡದೆ ಸಹಿ ಹಾಕ್ದೆ. ಇವರು ಶನಿವಾರ ಈ ಲಾರೀಲಿ ಕೊಬ್ಬು ಹೀರಿಸಿದ್ರು."

"ಏನೇ ಬೊಗಳ್ತಿದೀಯಾ?" ಎಂದು ಹಾಯೋ ಕೂಗಿದ.

"ಮುಚ್ಚಳ ತೆಗೀರಿ," ಎಂದರು ಟಾಮೆನ್.

ತೆಗೆದೆ. ಹಾಯೋ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ನಾನು ಕೈಗವಸು ಹಾಕಿ, ಉಸಿರು ಬಿಗಿಹಿಡಿದು ಒಳಗೆ ಬೆರಳಿಟ್ಟೆ. ಹೆಪ್ಪುಗಟ್ಟಿದ ಕೊಬ್ಬು, ಮುಷ್ಟಿಯಷ್ಟು. ಕಿತ್ತು ತೆಗೆದು ಬಟ್ಟೆಯಿಂದ ಒರೆಸಿದೆ. ಟಾಮೆನ್ ಎಂಜಿನ್ ಶುರು ಮಾಡಿಸಿ ಕೆಂಪು ಗುಂಡಿ ಒತ್ತಿದರು. ಕವಾಟ ಫಟ್ಟನೆ ತೆರೆದುಕೊಂಡಿತು.

"ಇದನ್ನ ನೋಡಿ ಒರೆಸೋದು ಎಷ್ಟು ಹೊತ್ತಿನ ಕೆಲಸ?" ಬರೆದುಕೊಳ್ಳುತ್ತಾ ಕೇಳಿದರು.

"ಎರಡು ನಿಮಿಷ," ಎಂದೆ.