ಬಳೆಗಾರನ ಸಾಲು

ರುಮಾಲಿನ ಕೊನೆಯ ಸುತ್ತು ಬಿಗಿದು ಲಕ್ಷ್ಮಣ ತುದಿಯನ್ನು ಗಡಿಬಿಡಿಯಲ್ಲಿ ಒಳಗೆ ಸಿಕ್ಕಿಸಿದ. ಎದುರಿಗೆ, ನೇಸರಗಿಯ ಆ ಮನೆಯ ಅಂಗಳದಲ್ಲಿ, ಬಿದಿರು ಕಟ್ಟಿದ ಕುರ್ಚಿಯ ಮೇಲೆ ಶಂಕ್ರೆಪ್ಪನನ್ನು ಕೂರಿಸಿದ್ದರು. ಕೊರಳ ತುಂಬ ಚೆಂಡುಹೂವು, ಹಣೆ ತುಂಬ ಗುಲಾಲು. ಮೇಳದ ಗುರುನಾಥ ಮೂಲೆಯಲ್ಲಿ ದಪ್ಪಿನ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ.

"ಅವಸರ ಮಾಡಬ್ಯಾಡ್ರಿ ಕಾಕಾ, ಇನ್ನೂ ಹೊತ್ತೈತಿ."

"ಅವಸರ ಮಾಡಿದಾಂವ ಅವನಪಾ, ನಾ ಅಲ್ಲ," ಎಂದ ಲಕ್ಷ್ಮಣ.

ಅವರ ಸಣ್ಣಾಟದ ಮೇಳದಲ್ಲಿ ಒಂದು ಪದ್ಧತಿಯಿತ್ತು. ಆಟದವನೊಬ್ಬ ಸತ್ತರೆ ಹೆಣ ಎತ್ತುವ ಮುಂಚೆ ಅವನ ಜೋಡಿ ಎದುರು ನಿಂತು, ಇಬ್ಬರೂ ಸೇರಿ ಹಾಡುತ್ತಿದ್ದ ಸವಾಲು ಜವಾಬಿನ ಪದ ಹಾಡಬೇಕು. ತನ್ನ ಸಾಲಷ್ಟೇ ಹಾಡಬೇಕು. ಸತ್ತವನ ಸಾಲು ಬಂದಾಗ ಬಾಯಿ ಮುಚ್ಚಿ ನಿಲ್ಲಬೇಕು, ದಪ್ಪಿನ ಪೆಟ್ಟೊಂದೇ ನಡೆಯಬೇಕು. ಕೊನೆಯ ಸಾಲು ಬಾಯಿಂದ ಬಂದು ಪದ ಮುಗಿಯದೆ ಹೆಣ ಏಳುವಂತಿಲ್ಲ. ನಲವತ್ತು ವರ್ಷ ಶಂಕ್ರೆಪ್ಪ ಸೀರೆ ಉಟ್ಟು ಗೊಲ್ಲತಿಯಾಗಿದ್ದ, ಲಕ್ಷ್ಮಣ ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡ ಬಳೆಗಾರ. ಪದದ ಕೊನೆಯ ಸಾಲು ಬಳೆಗಾರನದು. ಅದನ್ನು ಹಾಡಿ ಗೆಳೆಯನನ್ನು ಕಳಿಸಿಕೊಡಲೆಂದೇ ಲಕ್ಷ್ಮಣ ಮುನವಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದ.

ಹೂಮಾಲೆ ಹಿಡಿದು ಬಂದ ದಪ್ಪನೆಯ ಮನುಷ್ಯನಿಗೆ ಎಲ್ಲರೂ ದಾರಿ ಬಿಟ್ಟರು. ಬೈಲಹೊಂಗಲದಲ್ಲಿ ಅರಳೆ ಗಿರಣಿ ಇಟ್ಟಿರುವ ಗಂಗಯ್ಯ. ಮಾಲೆ ಹಾಕಿ, ಲಕ್ಷ್ಮಣನ ಪಕ್ಕದಲ್ಲೇ ಕೂತು ನಿಟ್ಟುಸಿರು ಬಿಟ್ಟ.

"ಏನ್ ಹಾಡಿದ್ರು ಶಂಕ್ರೆಪ್ಪನವರು ನಮ್ಮ ಗಿರಣಿಯಾಗ! ಓಣಿ ಉತ್ಸವದಾಗ ಅವರದ ನಂಬರ್ ಒಂದು."

ಲಕ್ಷ್ಮಣ ಅವನತ್ತ ತಿರುಗಿದ. "ಶಂಕ್ರ್ಯಾ ಹಾಡಿದ್ನ? ಜಾಗಾ ಸಣ್ಣದೈತಿ, ಜೋಡಿ ಆಟಕ್ಕ ಆಗೂದಿಲ್ಲ ಅಂದಿದ್ರಂತಲ್ರೀ ನೀವು."

"ನಾನಾ? ಅರಳಿ ಲಾರಿ ತಿರಗೂ ಜಾಗಾರಿ ಅದು!" ಗಂಗಯ್ಯ ಸಾವಿನ ಮನೆಯೆಂಬುದನ್ನು ಮರೆತು ನಕ್ಕ. "ಒಬ್ಬರ ನಿಂತು ಹಾಡಿದ್ರು. ಈ ಗುರುನಾಥನ ದಪ್ಪು ಬಾರಿಸಿದ್ದ."

ಗುರುನಾಥ ಬೆಂಕಿಯಿಂದ ತಲೆ ಎತ್ತಲಿಲ್ಲ.

*

ಸರ್ಕಾರದ ಉತ್ಸವದ ವೇದಿಕೆ ಸಿಗದವರೆಲ್ಲ ಸೇರಿ ಗಿರಣಿ, ಶಾಲೆ, ಖಾನಾವಳಿ ಅಂತ ಸಿಕ್ಕ ಸಿಕ್ಕಲ್ಲಿ ಆಡುವುದೇ ಓಣಿ ಉತ್ಸವ. ಈ ಸಲ ಅದಕ್ಕೆ ಮುಂಚೆ ಶಂಕ್ರೆಪ್ಪ ಮುನವಳ್ಳಿಗೆ ಬಂದಿದ್ದ. ಕಡಲೆ ಹೊಲದ ಬದುವಿನಲ್ಲಿ ಕೂತು, ಮುಖ ಸಣ್ಣದು ಮಾಡಿಕೊಂಡಿದ್ದ.

"ಗಿರಣಿಯವರು ಒಲ್ಲೆ ಅಂದ್ರೋ ಲಕ್ಷ್ಯಾ. ಜೋಡಿ ಆಟಕ್ಕ ಜಾಗಾ ಸಾಲೂದಿಲ್ಲಂತ."

"ಅವರ ಗಿರಣಿಗೆ ಬೆಂಕಿ ಹತ್ಲಿ," ಎಂದು ಲಕ್ಷ್ಮಣ ಗೆಳೆಯನ ಪರವಾಗಿ ಮನಸಾರೆ ಬೈದಿದ್ದ. "ಮುದುಕರನ್ನ ಯಾರ ಕರೀತಾರೋ. ಮುಂದಿನ ವರ್ಷ ನೋಡೂಣು." ಹಸಿ ಕಡಲೆ ಗಿಡದ ದೊಡ್ಡ ಸಿವುಡು ಕಟ್ಟಿ ಕೊಟ್ಟಿದ್ದ.

ಹೊರಡುವಾಗ ಶಂಕ್ರೆಪ್ಪ ಕೇಳಿದ್ದ: "ನಿನ್ನ ಮಲಾರದ ದಾರ ಸವದೈತಿ. ಕೊಡು, ಹೊಸಾದು ಪೋಣಿಸಿ ತರತೇನಿ." ಲಕ್ಷ್ಮಣ ಹಿಂದುಮುಂದು ನೋಡದೆ ಕೊಟ್ಟಿದ್ದ. ಬಸ್ಸು ಹತ್ತಿಸಿ, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟಿದ್ದ.

*

"ಅಜ್ಜಾರ ದನಿ ಎಲ್ಲಾರೂ ಒಮ್ಮೆ ಕೇಳ್ರಿ," ಎಂದು ಸಂಘಮಿತ್ರಾ ಮೊಬೈಲಿಗೆ ಸಣ್ಣ ಸ್ಪೀಕರು ಜೋಡಿಸಿದಳು. ಉತ್ಸವದ ಕಲಾವಿದರನ್ನೂ ಜಾಗ ಕೊಟ್ಟವರನ್ನೂ ಸಂದರ್ಶನ ಮಾಡಿ ಮೊಬೈಲಿಗೆ ಬಿಟ್ಟವಳು ಅವಳೇ. ಬರೀ ಮಾತಾಡಲು ಬರುವ ಫೋನು ಇಟ್ಟುಕೊಂಡ ಲಕ್ಷ್ಮಣ ಅದನ್ನೆಲ್ಲ ನೋಡಿರಲಿಲ್ಲ.

ಸ್ಪೀಕರಿನಲ್ಲಿ ಸಂಘಮಿತ್ರಾ ಕೇಳಿದಳು: "ನಿಮ್ಮ ಜೋಡಿ ಎಲ್ಲದಾರ್ರೀ ಅಜ್ಜಾರ?"

ಮೂಗು ಏರಿಸಿದ ಸದ್ದು. ಆಮೇಲೆ ಶಂಕ್ರೆಪ್ಪನ ದನಿ.

"ಹ್ವಾದ್ರಿ ಲಕ್ಷ್ಮಣ. ದೀಪಾವಳಿಗೆ ತೀರಿಕೊಂಡ. ನನ್ನ ತೊಡಿ ಮ್ಯಾಲ ತಲಿ ಇಟ್ಟು ಜೀವಾ ಬಿಟ್ಟ. ಈ ಮಲಾರ ನನ್ನ ಕೈಯಾಗ ಇಟ್ಟು, 'ಶಂಕ್ರ್ಯಾ, ಆಟಾ ನಿಂದರಸಬ್ಯಾಡ' ಅಂದ. ಅದಕ್ಕ ಒಬ್ಬಾಂವ ನಿಂತೇನ್ರಿ."

ಅಂಗಳದಲ್ಲಿ ಒಂದಿಬ್ಬರು ಹೆಂಗಸರು ಬಿಕ್ಕಿದರು. "ಎಂಥಾ ದೋಸ್ತ ಇದ್ದನೋ ಪುಣ್ಯಾತ್ಮ," ಎಂದಳು ಪರಊರಿಂದ ಬಂದವಳೊಬ್ಬಳು. ಆ ಪುಣ್ಯಾತ್ಮ ರುಮಾಲು ಸುತ್ತಿಕೊಂಡು ಅವಳ ಮುಂದೆಯೇ ಕೂತಿದ್ದ. ನೋಡದವರು ಸತ್ತನೆಂದರೆ ಸುಳ್ಳು ಸುದ್ದಿ ಎನ್ನಬಹುದು. ತೊಡೆಯ ಮೇಲೆ ಮಲಗಿಸಿಕೊಂಡು, ಕಡೆಯ ಮಾತನ್ನೂ ತಾನೇ ಕಟ್ಟಿ ಸಾಯಿಸಿದವನಿಗೆ ಏನೆನ್ನಬೇಕು?

ಸಂಘಮಿತ್ರಾ ಅವನತ್ತ ಬಾಗಿದಳು. "ನೀವು ಅವರಿಗೆ ಏನಾಗಬೇಕ್ರಿ ಅಜ್ಜಾರ?"

"ನಾನಾ? ಸತ್ತಾಂವ."

ಅವನ ತಲೆಯ ರುಮಾಲು ನೋಡಿದ ಹುಡುಗಿಗೆ ಅವನು ಯಾರೆಂದು ತಿಳಿಯಿತು. ಸ್ಪೀಕರು ಆರಿಸಿದಳು. ಹೆಣದ ಪಕ್ಕದಲ್ಲಿದ್ದ ಶಂಕ್ರೆಪ್ಪನ ಹೆಂಡತಿ ಕೃಷ್ಣವ್ವ ಎದ್ದು ಬಂದು ಲಕ್ಷ್ಮಣನ ಎದುರು ಕುಸಿದು ಕೂತಳು.

"ಬಂದು ಹೇಳಾವ್ರಿದ್ರು ಅಣ್ಣಾ. ನಾಳೆ ಹೋಗತೇನಿ, ನಾಳೆ ಹೋಗತೇನಿ ಅಂತ ಹೊತ್ತ ಕಳದ್ರು. ಎಲ್ಲಾರೂ ಲಕ್ಷ್ಮಣನ ಗೊಲ್ಲತಿ ಅಂತಿದ್ರಲ್ಲ, ಅದು ಅವರಿಗೆ ಚುಚ್ಚತಿತ್ತು. ಒಂದ ಸಲರ ತಮ್ಮ ಹೆಸರಿಲೆ ನಿಂದರಬೇಕಂತ..."

"ಅದಕ್ಕ ನನ್ನ ಕೊಲ್ಲಬೇಕಿತ್ತೇನ ತಂಗಿ? ನೀ ಬರಬ್ಯಾಡ ಅಂದಿದ್ರ, ನಾ ಮುಂದ ಕುಂತು ಚಪ್ಪಾಳಿ ಹೊಡೀತಿದ್ದೆ." ಅವನು ಹೆಣದತ್ತ ತಿರುಗಿದ. "ಅಷ್ಟೂ ನಂಬಲಿಲ್ಲಲಾ ನನ್ನ."

"ಹಾಡಿ ಕಳಸಣ್ಣಾ. ಬಿಸಲ ಏರಾಕತ್ತೈತಿ."

"ಹಾಡತೇನಿ," ಎಂದು ಲಕ್ಷ್ಮಣ ಎದ್ದ. "ಪದ್ಧತಿ ಹೆಂಗೈತೋ ಹಂಗ ಹಾಡತೇನಿ."

ಗುರುನಾಥನ ದಪ್ಪು ಶುರುವಾಯಿತು. ನಾಲ್ವರು ಬಗ್ಗಿ ಬಿದಿರಿಗೆ ಕೈ ಹಾಕಿದರು. ಲಕ್ಷ್ಮಣ ಹೆಣದ ಎದುರು ನಿಂತು ಒಂದು ಕೈ ಸೊಂಟಕ್ಕಿಟ್ಟ. ದನಿ ಏರಿಸಿ, ಹೆಣ್ಣುದನಿ ಮಾಡಿ ಎತ್ತಿಕೊಂಡ:

"ಬಳಿ ಮಾರಾಕ ಬಂದವನ, ನಿನ್ನ ಊರ ಯಾವದೋ?"

ಗುರುನಾಥನ ಪೆಟ್ಟು ಒಂದು ಕ್ಷಣ ತಪ್ಪಿತು. ಅದು ಗೊಲ್ಲತಿಯ ಸಾಲು. ಬಳೆಗಾರನ ಜವಾಬು ಬರಬೇಕಾದಲ್ಲಿ ಲಕ್ಷ್ಮಣ ತುಟಿ ಬಿಗಿದು ನಿಂತ.

"ಬಿಸಲಾಗ ಬಂದವನ, ನೀರ ಬೇಕೇನೋ?"

ಮತ್ತೆ ಬರೀ ದಪ್ಪು. ಕೃಷ್ಣವ್ವನಿಗೆ ಈಗ ತಿಳಿಯಿತು: ಸತ್ತವನ ಸಾಲಿಗೆ ಬಾಯಿ ಮುಚ್ಚಬೇಕು, ಸತ್ತವನು ಬಳೆಗಾರ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನ ಕಣ್ಣಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸಾಲಿನ ಹಿಂದೆ ಸಾಲಾಗಿ ಶಂಕ್ರೆಪ್ಪನದನ್ನೆಲ್ಲ ಶಂಕ್ರೆಪ್ಪನ ದನಿಯಲ್ಲೇ ಹಾಡಿ ಗೊಲ್ಲತಿಯ ಕಡೆಯ ಸವಾಲಿಗೆ ಬಂದ:

"ಕೈ ಮುಂದ ಮಾಡೇನಿ, ಬಳಿ ಇಡತೀಯೇನೋ?"

ಉಳಿದದ್ದು ಬಳೆಗಾರನ ಒಂದೇ ಸಾಲು. ದಪ್ಪು ನಡೆದೇ ಇತ್ತು. ಬಿದಿರು ಹಿಡಿದ ನಾಲ್ವರು ಎತ್ತಲೂ ಆಗದೆ, ಬಿಡಲೂ ಆಗದೆ, ಲಕ್ಷ್ಮಣನ ಮುಚ್ಚಿದ ಬಾಯಿಯನ್ನೇ ನೋಡುತ್ತ ಬಗ್ಗಿಕೊಂಡೇ ನಿಂತಿದ್ದರು.