ಫೋಟೋದ ಹೊರಗೆ ನಿಂತವನು

“ಇನ್ನೊಂಚೂರು ಮ್ಯಾಲಕ್ಕ ಎಳಿಯೋ ಮಾರೇಶ,” ಎಂದು ಹೇಮಾ ಚಿಕ್ಕಪ್ಪನ ಮಗನಿಗೆ ಹೇಳುತ್ತಿದ್ದಂತೆ ಫ್ಲೆಕ್ಸ್ ಬಿಚ್ಚಿಕೊಂಡಿತು. ಅದರಲ್ಲಿದ್ದ ಅವಳ ತಾಯಿ ಸುಂಕಮ್ಮನ ಹಣೆ ಬೋಳಾಗಿತ್ತು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದವರ ಕೈ ನಿಂತಿತು. ಬೆಂಚಿನ ಮೇಲಿದ್ದ ಬೊಮ್ಮಣ್ಣ ಹೆಂಡತಿಯ ಆ ಮುಖ ನೋಡಲಾರದೆ ತಲೆ ತಗ್ಗಿಸಿದ.

ಮುತ್ತೈದೆ ಸಾವು ಸತ್ತವಳಿಗೆ ಇಂಥ ಫೋಟೋ ಹಾಕಿಸುವುದೇ ಎಂದು ಓಣಿಯ ಹೆಂಗಸರು ಹೇಮಾಳನ್ನು ತರಾಟೆಗೆ ತೆಗೆದುಕೊಂಡರು. ಅವಳಾದರೂ ಏನು ಮಾಡಬೇಕು? ಆ ಫೋಟೋ ಆದಮೇಲೆ ಸುಂಕಮ್ಮ ಯಾರ ಮೊಬೈಲಿಗೂ ಮುಖ ಕೊಟ್ಟವಳಲ್ಲ. ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿದರೆ ಮುಖ ಒಡೆಯುತ್ತದೆ ಎಂದ ಫ್ಲೆಕ್ಸ್ ಅಂಗಡಿಯವನು, ಊರಿಗೆಲ್ಲ ಗೊತ್ತಿರುವುದು ಇದೇ ಎಂದು ನೆಟ್‌ನಿಂದ ಇಳಿಸಿ ಹೊಡೆದುಕೊಟ್ಟಿದ್ದ.

* * *

ಇಪ್ಪತ್ತು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರೂ ಓಬಳಾಪುರದ ಕಡೆ ಗಣಿ ಕೂಲಿಗೆ ಹೋಗುತ್ತಿದ್ದರು. ಗಣಿ ಕೂಲಿಗಳ ಮೇಲೆ ಪುಸ್ತಕ ಮಾಡುವ ಕ್ಯಾಮೆರಾದವರೊಬ್ಬರು ಬಂದು ಸುಂಕಮ್ಮನನ್ನು ನಿಲ್ಲಿಸಿದಾಗ ಬೊಮ್ಮಣ್ಣ ಪಕ್ಕದಲ್ಲೇ ಬುಟ್ಟಿ ಹಿಡಿದಿದ್ದ. ಸ್ವಲ್ಪ ಸರಿ ಎಂದರು, ಸರಿದ. ಬೆವರು ಒರೆಸಿದ ಸೆರಗಿಗೆ ಅವಳ ಕುಂಕುಮವೂ ಹೋಗಿತ್ತು. ಪುಸ್ತಕ ಬಂದಾಗ ರಟ್ಟಿನ ಮೇಲೆ ಅದೇ ಮುಖ, ಒಳಗೆ ‘ಗಣಿಯಲ್ಲಿ ಗಂಡನನ್ನು ಕಳೆದುಕೊಂಡವಳು’ ಎಂಬ ಸಾಲು. ಅದನ್ನು ನೋಡಿದ ಒಂದು ಸಂಸ್ಥೆಯವರು ರಾಯದುರ್ಗದ ಮನೆ ಹುಡುಕಿಕೊಂಡು ಬಂದು, ಪಾಪದ ವಿಧವೆಗೆಂದು ಹೊಲಿಗೆ ಮಿಷಿನ್ ಕೊಟ್ಟರು. ಆಗಲೇ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಹೊಟ್ಟೆ ಕೇಳಬೇಕಲ್ಲ! ಜೀನ್ಸ್ ಹೊಲಿಯುವ ಕೆಲಸ ಸಿಕ್ಕಿತು, ಗಣಿಯ ದೂಳು ತಪ್ಪಿತು.

ಸಂಸ್ಥೆಯ ಶ್ರೀಲತಾ ಮೇಡಂ ಆಗಾಗ ನೋಡಲು ಬರತೊಡಗಿದರು. ಒಳ್ಳೆಯ ಹೆಂಗಸು, ಅದೇ ಕಷ್ಟವಾಗಿದ್ದು. ಕಾರಿನ ಸದ್ದಾದರೆ ಸುಂಕಮ್ಮ ಹಣೆ ಒರೆಸಿಕೊಳ್ಳುವಳು, ಬೊಮ್ಮಣ್ಣ ಹಿತ್ತಲಿನ ತಗಡಿನ ಬಚ್ಚಲು ಸೇರುವನು. ಕಾದ ತಗಡಿನೊಳಗೆ ಕೆಮ್ಮು ಬಂದರೂ ನುಂಗಬೇಕು. ಬದುಕಿದ್ದೂ ಸತ್ತವನಂತೆ ಇರುವುದೆಂದರೆ ಸುಮ್ಮನೆಯೇ? ಓಣಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಕಾರು ಹೋದಮೇಲೆ ಸುಂಕಮ್ಮ ಮೇಣದ ಡಬ್ಬಿ, ಕುಂಕುಮ ಹಿಡಿದು ಬಚ್ಚಲ ಮುಂದೆ ನಿಲ್ಲುತ್ತಿದ್ದಳು.

“ಬರ್ರಿ ಹೊರಗ. ಒರಸಿಕೊಂಡಿದ್ದು ನನ್ನ ಕೈ, ಹಚ್ಚೋದು ನೀವ ಹಚ್ರಿ. ಮೊದ್ಲು ಮೇಣ ಹಚ್ರಿ, ಗಾಳಿಗೂ ಉದುರಂಗಿಲ್ಲ.”

* * *

ಹೆಣಕ್ಕೆ ನೀರು ಹಾಕಿ, ಅರಿಶಿನ ಬಳಿದು, ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಕೊನೆಯ ಕುಂಕುಮ ಗಂಡನ ಕೈಯಿಂದಲೇ ಆಗಬೇಕು. ಅಷ್ಟರಲ್ಲಿ ತಿರುವಿನಲ್ಲಿ ಕಾರಿನ ಸದ್ದು ಕೇಳಿತು. ಹೇಮಾ ತಿರುಗಿ ನೋಡಿದರೆ ಬೆಂಚು ಖಾಲಿ.

ಶ್ರೀಲತಾ ಮೇಡಂ ಹಾರ ಹಿಡಿದು ಇಳಿದರು. ಫ್ಲೆಕ್ಸ್ ನೋಡಿ ಕಣ್ಣೊರೆಸಿಕೊಂಡು, ಈ ಫೋಟೋ ಇವತ್ತಿಗೂ ತಮ್ಮ ಆಫೀಸಿನ ಬಾಗಿಲಲ್ಲೇ ಇದೆ ಎಂದರು. ಹೆಣದ ಕೈಯಲ್ಲಿ ಹಸಿರು ಬಳೆ ಕಂಡು ಹೇಮಾಳ ಕಡೆ ತಿರುಗಿದರು.

ಹೇಮಾ ಹಿತ್ತಲಿಗೆ ಹೋಗಿ ತಗಡು ಬಡಿದಳು. “ಅಪ್ಪಾ, ಅವ್ವ ಕಾಯಾಕ ಹತ್ಯಾಳ.”

ಬಾಗಿಲು ತೆರೆಯಲಿಲ್ಲ. ಹೊರಗೆ ಬಂದರೆ ಸುಳ್ಳುಗಾತಿ ಎಂಬ ಮಾತು ಸತ್ತವಳ ತಲೆಗೆ ಬರುತ್ತದೆ; ಬಾರದಿದ್ದರೆ ಅವಳು ಬೋಳು ಹಣೆಯಲ್ಲೇ ಮಣ್ಣು ಸೇರುತ್ತಾಳೆ. ಬೊಮ್ಮಣ್ಣನಿಗೆ ಎರಡೂ ಸಂಕಟ. ಹೇಮಾ ತಗಡಿನ ಸಂದಿಯಿಂದ ತಾಯಿಯ ಮೇಣದ ಡಬ್ಬಿ ಒಳಗೆ ಚಾಚಿದಳು.

ಬಾಗಿಲು ತೆರೆಯಿತು. ಬೊಮ್ಮಣ್ಣ ನೇರ ಹೆಣದ ಮುಂದೆ ಹೋಗಿ ಕೂತ. ಮೇಣ ಸವರಿದ, ಕುಂಕುಮ ಹಚ್ಚಿದ. ಇವರು ಯಾರು ಎಂದು ಮೇಡಂ ಮೆಲ್ಲಗೆ ಕೇಳಿದರು.

“ಆಕಿ ಗಂಡ್ರಿ,” ಎಂದ ಬೊಮ್ಮಣ್ಣ. “ಫೋಟೋ ತೆಗಿಯಾಗ ಸರಿ ಅಂದ್ರು. ಸರದಿದ್ದೆ.”

ಮೇಡಂ ಕೈಯಲ್ಲಿದ್ದ ಹಾರ ಕೈಯಲ್ಲೇ ಉಳಿಯಿತು.

ಅವನು ಎದ್ದು ಫ್ಲೆಕ್ಸಿನ ಹತ್ತಿರ ಹೋಗಿ, ಬೆಂಚು ಎಳೆದುಕೊಂಡು ಹತ್ತಿದ. ಆ ದೊಡ್ಡ ಹಣೆಯ ನಡುವೆಯೂ ಮೊದಲು ಮೇಣ, ಆಮೇಲೆ ಕುಂಕುಮ ಒತ್ತಿ, ಇಳಿದು ಹೆಣದ ಪಕ್ಕಕ್ಕೆ ಬಂದ. ಹೆಣ ಎತ್ತುವ ಮುಂಚೆ ಕೊನೆಯದೊಂದು ಫೋಟೋ ಇರಲಿ ಎಂದು ಮಾರೇಶ್ ಮೊಬೈಲ್ ಎತ್ತಿದ.

“ದೊಡಪ್ಪ, ಒಂಚೂರು ಸರಿ. ಅಡ್ಡ ಬರ್ತಿ.”

ಬೊಮ್ಮಣ್ಣ ಸರಿಯಲಿಲ್ಲ. ಕೆಂಪಾದ ಬೆರಳು ಹಿಡಿದುಕೊಂಡು ಅವಳ ಪಕ್ಕದಲ್ಲೇ ನಿಂತ. ಗಾಳಿಗೆ ಫ್ಲೆಕ್ಸ್ ಪಟಪಟ ಹೊಡೆದುಕೊಂಡಿತು. ಕುಂಕುಮ ಉದುರಲಿಲ್ಲ.